ಮನೆಯವರು ಮಾತ್ರ ಇರುವ ಚಿತ್ರ

ತಳ ಹಿಡಿದ ಹಾಲಿನ ಪಾತ್ರೆಯನ್ನು ಇನ್ನೂ ಅರ್ಧ ಉಜ್ಜಿರಲಿಲ್ಲ, ಮಗಳು ಬಂದು ನಲ್ಲಿ ತಿರುಗಿಸಿ ನೀರು ನಿಲ್ಲಿಸಿಬಿಟ್ಟಳು.

"ಅಮ್ಮ, ಚಿತ್ರಕ್ಕೆ ವಾರ್ನಿಶ್ ಹಚ್ಚು ಬಾ."

"ಕೈ ತುಂಬ ಸೋಪು ಕಾಣ್ಸಲ್ವೇನೇ? ಪಾತ್ರೆ ಮುಗೀಲಿ."

"ಪಾತ್ರೆ ನಾನು ತೊಳೀತೀನಿ."

ತಾಯಿ ತಿರುಗಿ ನೋಡಿದಳು. ತಾನು ತಿಂದ ತಟ್ಟೆ ಎತ್ತಿಡಲು ನಾಲ್ಕು ಸಲ ಕೂಗಿಸಿಕೊಳ್ಳುವ ಒಂಬತ್ತು ವರ್ಷದ ಹುಡುಗಿ. ಜ್ವರವೇನಾದರೂ ಬಂತೋ ಎಂದು ಮೊಣಕೈ ತಾಗಿಸಿ ಹಣೆ ನೋಡಿದಳು. ತಣ್ಣಗಿತ್ತು.

"ಏನು ಗುಬ್ಬಿ, ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?"

"ನಾಳೆ ಎಲ್ಲಾರೂ ಬಂದ್ಬಿಡ್ತಾರೆ. ಅಷ್ಟರಲ್ಲಿ ಒಣಗ್ಬೇಡ್ವಾ?"

ಮಾತೇನೋ ಸರಿಯಾಗಿತ್ತು. ನಾಳೆ ಅತ್ತೆಗೆ ಎಪ್ಪತ್ತು ತುಂಬುತ್ತದೆ. ಅಷ್ಟು ಹೊತ್ತಿಗೆ ನಡುಮನೆಯ ಗೋಡೆಗೆ ಒಂದು ಚಿತ್ರವಾಗಬೇಕೆಂದು ಅವರೇ ಬಾಯಿಬಿಟ್ಟು ಕೇಳಿದ್ದರು: ಮುಂಬಾಗಿಲ ಮೆಟ್ಟಿಲ ಮೇಲೆ ಎಲ್ಲರೂ ಕೂತಿರುವ ಹಾಗೆ. ಸೊಸೆ ಪೆನ್ಸಿಲ್ ಗೆರೆ ಹಾಕುವಾಗ ಕುರ್ಚಿ ಎಳೆದುಕೊಂಡು ಎದುರು ಕೂತು, "ಮನೆಯವರು ಮಾತ್ರ ಇರ್ಲಿ," ಎಂದಿದ್ದರು. ಯಾರು ಬೇಡವೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವರ ಕಿರಿಯ ಮಗ, ಅಂದರೆ ಗುಬ್ಬಿಯ ಚಿಕ್ಕಪ್ಪ, ಯಾರಿಗೂ ತಿಳಿಸದೆ ಮದುವೆಯಾಗಿ ಬೇರೆ ಮನೆ ಮಾಡಿ ವರ್ಷವಾಗಿತ್ತು. ಅಂದಿನಿಂದ ಅವನ ಸುದ್ದಿ ತೆಗೆದರೆ ಸಾಕು, ಅತ್ತೆಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸುತ್ತಿರಲಿಲ್ಲ. ಸೊಸೆ ಎದುರಾಡಲಿಲ್ಲ. ಅವನನ್ನು ಬಿಟ್ಟೇ ಬರೆದಳು.

ಗುಬ್ಬಿ ಮಾತ್ರ ಆಗ ಅಪ್ಪನ ಬಳಿ ಹೋಗಿ, "ಮನೆಯವರು ಅಂದ್ರೆ ಯಾರ್ಯಾರು?" ಎಂದು ವಿಚಾರಿಸಿದ್ದಳು.

"ಮನೆಯವರು ಅಂದ್ರೆ ನಿಮ್ಮಮ್ಮ ಕಣೇ. ಆಫೀಸಲ್ಲಿ ಯಾರಾದ್ರೂ ಕೇಳಿದ್ರೆ, ನಮ್ಮನೆಯವರು ಚೆನ್ನಾಗಿದಾರೆ ಅನ್ನಲ್ವಾ ನಾನು?" ಎಂದು ನಕ್ಕು ಅವನು ಜಾರಿಕೊಂಡಿದ್ದ. ಹುಡುಗಿ ನಗಲಿಲ್ಲ. ಮತ್ತೆ ಕೇಳಲೂ ಇಲ್ಲ.

ತಾಯಿ ಕೈ ಒರೆಸಿಕೊಂಡು ಹಿಂದಿನ ಕೋಣೆಗೆ ಹೋದಳು. ಕಿಟಕಿ ಮುಚ್ಚಿ ಫ್ಯಾನು ಆರಿಸಿದಳು. ಒಂದು ಎಳೆ ಕೂದಲು ಹಾರಿ ಬಂದು ಕೂತರೂ ವಾರ್ನಿಶ್ ಅದನ್ನು ಬಿಡುವುದಿಲ್ಲ. ಧೂಳಿಗೆಂದು ಹೊದಿಸಿದ್ದ ಹಳೇ ದುಪ್ಪಟಿ ಸರಿಸಿ, ಎರಡು ವಾರದಿಂದ ಒಣಗುತ್ತಿದ್ದ ಕ್ಯಾನ್ವಾಸನ್ನು ಮೇಜಿನ ಮೇಲೆ ಮಲಗಿಸಿದಳು. ಬಾಟಲಿಗೆ ಕೈ ಹಾಕುತ್ತಿದ್ದಂತೆ ಪಕ್ಕದಿಂದ ಉಪದೇಶ ಶುರುವಾಯಿತು.

"ಕುಲುಕ್ಬೇಡ. ಗುಳ್ಳೆ ಬರುತ್ತೆ."

"ಆಯ್ತು ಗುರುಗಳೇ."

"ಅಮ್ಮ, ಒಂದ್ಸಲ ಹಚ್ಚಿದ್ಮೇಲೆ ಯಾರೂ ಏನೂ ಅಳ್ಸೋಕಾಗಲ್ಲ ಅಲ್ವಾ?"

"ಅಳ್ಸೋಕೂ ಆಗಲ್ಲ, ಸೇರ್ಸೋಕೂ ಆಗಲ್ಲ. ಹೆಂಗಿದೆಯೋ ಹಂಗೇ."

ಗುಬ್ಬಿ ಸಮಾಧಾನದ ಉಸಿರು ಬಿಟ್ಟಳು.

ವಾರ್ನಿಶ್ ಹಚ್ಚುವವರ ಕಣ್ಣಿಗೆ ಚಿತ್ರ ಕಾಣುವುದಿಲ್ಲ, ಹೊಳಪು ಮಾತ್ರ ಕಾಣುತ್ತದೆ. ಎಲ್ಲಿ ಒದ್ದೆಯಾಯಿತು, ಎಲ್ಲಿ ಬಿಟ್ಟುಹೋಯಿತು ಎಂದು ಅವಳು ಕತ್ತು ಬಗ್ಗಿಸಿ ಬೆಳಕಿಗೆ ಓರೆಯಾಗಿ ನೋಡುತ್ತ, ಮೇಲಿನ ಅಂಚಿನಿಂದ ಶುರುಮಾಡಿ ಎಡದಿಂದ ಬಲಕ್ಕೆ ಅಗಲ ಬ್ರಶ್ ಎಳೆದಳು. ಅರೆ ಒಣಗಿದ ಕಡೆ ಬ್ರಶ್ಶು ಮತ್ತೆ ಹೋದರೆ ಮಸುಕು ಗೀರು ಬೀಳುತ್ತದೆ, ಹಾಗಾಗಿ ಎಲ್ಲೂ ನಿಲ್ಲುವಂತಿಲ್ಲ. ಮೂರನೇ ಸಾಲಿನಲ್ಲಿ ಗಂಡನ ಹೆಗಲ ಹಿಂದಿನ ಬಾಗಿಲು ದಾಟುವಾಗ ಬ್ರಶ್ಶಿನ ತುದಿ ಕಂದಾಯಿತು. ಆ ಕಂದು ಬಣ್ಣ ಎಳೆದುಕೊಂಡು ಹೋಗಿ ಅತ್ತೆಯ ಬಿಳಿ ಕೂದಲಿಗೆ ಮೆತ್ತಿಕೊಂಡಿತು.

ಬ್ರಶ್ಶನ್ನು ಮೇಲೆತ್ತಿದಳು. ಒಣಗಿದ ಅಕ್ರಿಲಿಕ್ ಬಣ್ಣ ಹೀಗೆ ಕರಗುವುದಿಲ್ಲವಲ್ಲ! ಬಗ್ಗಿ ನೋಡಿದಳು. ಬಾಗಿಲ ಕತ್ತಲೆಯಲ್ಲಿ ಹೆಬ್ಬೆರಳಷ್ಟು ದೊಡ್ಡ ಮುಖವೊಂದು ಇತ್ತು. ಕುತ್ತಿಗೆ ಇರಲಿಲ್ಲ. ಮೀಸೆ ಇತ್ತು. ಕನ್ನಡಕವಿತ್ತು, ಅದರ ಒಂದು ಕಡೆ ಟೇಪು ಸುತ್ತಿದ ಬಿಳಿ ಚುಕ್ಕೆ ಕೂಡ ಇತ್ತು. ಕೆನ್ನೆಯ ಅರ್ಧ ಆಗಲೇ ಕರಗಿತ್ತು.

"ಗುಬ್ಬೀ. ಏನಿದು?"

"ಚಿಕ್ಕಪ್ಪ."

"ಯಾವಾಗ ಬರ್ದೆ?"

"ಬೆಳಿಗ್ಗೆ. ನೀನು ಹಾಲು ಸೀಸಿದ್ಯಲ್ಲ, ಆವಾಗ."

"ಯಾವ ಬಣ್ಣದಲ್ಲಿ?"

"ಸ್ಕೂಲ್ ಬಾಕ್ಸಿಂದು."

"ಅದು ನೀರಲ್ಲಿ ಕರಗೋ ಬಣ್ಣ ಕಣೇ. ಈ ವಾರ್ನಿಶ್ಶಲ್ಲೂ ನೀರಿದೆ."

"ವಾರ್ನಿಶ್ ಹಚ್ಚಿದ್ರೆ ಹೋಗಲ್ಲ ಅಂದ್ಯಲ್ಲ!" ಗುಬ್ಬಿ ಬಾಟಲಿಯ ಕಡೆ ಬೆರಳು ಮಾಡಿದಳು. "ನೀನೇ ಅಂದೆ!"

ಬಯ್ಯುವಷ್ಟು ಹೊತ್ತಿರಲಿಲ್ಲ. ವಾರ್ನಿಶ್ ಒಣಗಲು ಇನ್ನು ನಾಲ್ಕು ನಿಮಿಷವೂ ಇರಲಿಲ್ಲ. ಒದ್ದೆ ಬಟ್ಟೆ ತಂದು ಅತ್ತೆಯ ಕೂದಲಿನ ಮೇಲಿನದನ್ನು ಮೊದಲು ಒರೆಸಿದಳು. ಕೂದಲು ಮೊದಲಿನಂತೆ ಬೆಳ್ಳಗಾಯಿತು. ಇನ್ನು ಮುಖ. ಒಂದೇ ಒರೆಸು, ಅದರಡಿ ಒಣಗಿರುವ ಬಾಗಿಲಿಗೆ ಏನೂ ಆಗುವುದಿಲ್ಲ. ಆದರೂ ಬಟ್ಟೆ ಮುಂದೆ ಹೋಗಲಿಲ್ಲ. ಬರೆಯುವಾಗ ಅಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಉಳಿದುಹೋಗಿತ್ತು. ಕುರ್ಚಿ ಇಡಲೇ, ಹೂವಿನ ಕುಂಡ ಇಡಲೇ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಕತ್ತಲೆ ಬಳಿದು ಮುಚ್ಚಿದ್ದಳು ಅವಳು.

ಬಾಗಿಲು ಕಿರ್ರೆಂದಿತು. ಅತ್ತೆ ಒಳಗೆ ಬಂದರು.

"ನನ್ನ ಮೂಗು ಸ್ವಲ್ಪ ಸಣ್ಣ ಮಾಡಿದೀಯೋ ಇಲ್ವೋ ನೋಡೋಣ ಅಂತ ಬಂದೆ," ಎನ್ನುತ್ತ ಕನ್ನಡಕ ಏರಿಸಿ ಮೇಜಿನ ಮೇಲೆ ಬಗ್ಗಿದರು. ಮೂಗನ್ನು ನೋಡಿದರು, ಕೂದಲನ್ನು ನೋಡಿದರು. ಆಮೇಲೆ ಅವರ ಬೆರಳು ಗಾಳಿಯಲ್ಲೇ ನಿಂತಿತು. "ಬಾಗಿಲಲ್ಲಿ ಯಾರೇ ಅದು?"

"ಏನೂ ಇಲ್ಲ ಅತ್ತೆ, ಕಲೆ. ಒರೆಸ್ತಾ ಇದೀನಿ."

ಹೇಳಿದ ಮೇಲೆ ಅವಳಿಗೇ ಆ ಮಾತು ನುಂಗಿಕೊಳ್ಳಬೇಕೆನಿಸಿತು. ಬಟ್ಟೆ ಹಿಡಿದ ಕೈಯನ್ನು ಗುಬ್ಬಿ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮುಖ ಮಾತ್ರ ಅಜ್ಜಿಯ ಕಡೆಗಿತ್ತು.

"ಅಜ್ಜಿ, ಚಿಕ್ಕಪ್ಪ ನಮ್ಮನೆಯವರಲ್ವಾ?"