ಬೈಗುಳ ಕೇಳಿಸಿಕೊಂಡವನು

ದುಂಡಸಿಯ ಉಳಿವೆಪ್ಪನಿಗೆ ಫೋನಿನಲ್ಲಿ ಹಿಂದಿ ಕೇಳಿದರೆ ಮೈಯೆಲ್ಲ ಉರಿ. ಹೋದ ವಾರ ತಡಸದಲ್ಲಿ ಅವನ ಬೀಗರಿಗೆ ಯಾರೋ ಹಿಂದಿಯಲ್ಲಿ ಮಾತಾಡಿ, ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆಂದು ಹೆದರಿಸಿ ಟೋಪಿ ಹಾಕಿದ್ದರು. ಹಾಗಾಗಿ ಇವತ್ತು ಬೆಳಗ್ಗೆ ಗೋವಿನಜೋಳ ಹರವುವಾಗ "ಸಾಗರ್ ಕೇ ಪಿತಾಜಿ?" ಎಂಬ ದನಿ ಬಂದದ್ದೇ ತಡ, ಫೋನ್ ಮಾಡಿದವನ ಹೆತ್ತವರಿಂದ ಹಿಡಿದು ಮುತ್ತಜ್ಜನವರೆಗೆ ಒಬ್ಬರನ್ನೂ ಬಿಡದೆ ಉಳಿವೆಪ್ಪ ಜಾಡಿಸಿದ. ಆಮೇಲೆ ಸೊಸೆ ಸುನಿತಾಳಿಗೆ ಹೇಳಿ ಆ ನಂಬರನ್ನೇ ಬ್ಲಾಕ್ ಮಾಡಿಸಿದ.

ಸಾಗರ ಉಳಿವೆಪ್ಪನ ಒಬ್ಬನೇ ಮಗ. ಮಿಲ್ಟ್ರಿಯಲ್ಲಿದ್ದಾನೆ. ಗಡಿಯ ಗುಡ್ಡದ ಮೇಲಿನ ಪೋಸ್ಟಿಗೆ ಹೊಂಟೇನಿ, ಅಲ್ಲಿ ನೆಟ್‌ವರ್ಕ್ ಇಲ್ಲ ಎಂದವನು ದೀಪಾವಳಿಯಿಂದ ಮಾತಾಡಿಲ್ಲ.

ಬಿಸಿಲು ಇಳಿಯುವಾಗ ಗೆಳೆಯ ಶಹಾಬುದ್ದೀನ ಚಹಾಕ್ಕೆ ಬಂದ. ಸುಬೇದಾರನಾಗಿ ನಿವೃತ್ತಿಯಾದವನು, ಸಾಗರನನ್ನು ಓಡಿಸಿ, ಬೆವರಿಳಿಸಿ ಮಿಲ್ಟ್ರಿ ಭರ್ತಿಗೆ ಕಳಿಸಿದವನೂ ಅವನೇ. ಉಳಿವೆಪ್ಪ ತನ್ನ ಪರಾಕ್ರಮ ಹೇಳಿಕೊಂಡ.

"ಎತ್ತಿಗೂ ಹಂಗ ಬೈಯೂದಿಲ್ಲಲೇ ಯಾರೂ!" ಶಹಾಬುದ್ದೀನ ನಕ್ಕ. "ಅಂವ ತಿರುಗಿ ಏನಂದ?"

"ಏನಂತಾನ? ಬಾಯಿ ಮುಚ್ಚಕೊಂಡು ಕೇಳಿದ."

"ಕಟ್ ಮಾಡ್ಲಿಲ್ಲ?"

"ಇಲ್ಲೋ. ನನ್ನ ಉಸಿರು ಮುಗಿಯೂತನಕ ಕೇಳಿದ. ಕಡೀಕ 'ಜೀ' ಅಂದ. ಎಂಥಾ ನಾಚಿಕಿಗೇಡಿ!"

ಶಹಾಬುದ್ದೀನ ಎತ್ತಿದ ಚಹಾದ ಬಶಿಯನ್ನು ಮೆಲ್ಲಗೆ ಕೆಳಗಿಟ್ಟ.

"ಉಳಿವ್ಯಾ, ಮೋಸ ಮಾಡಾವ ಬೈಸ್ಕೋತ ಕುಂದರೂದಿಲ್ಲ. ಇನ್ನೊಂದು ಮನಿ ಹುಡುಕ್ತಾನ." ದನಿ ತಗ್ಗಿಸಿದ. "ಪಲ್ಟನ್‌ದಾಗ ಅಂಥಾ ಫೋನ್ ನಾನೂ ಮಾಡೇನಿ. ಮನಿಯವರು ಅಳಲಿ, ಬೈಲಿ, ನೀ ಮಾತ್ರ ಫೋನ್ ಇಡಬ್ಯಾಡ ಅಂತ ಸಾಹೇಬ್ರು ತಾಕೀತು ಮಾಡಿರತಾರ."

"ಹುಚ್ಚ ಹಿಡದೈತೇನ್ ನಿನಗ? ಎದ್ದು ಹೋಗ ಇಲ್ಲಿಂದ!" ಉಳಿವೆಪ್ಪ ಗದರಿದ. ಗದರುತ್ತಲೇ ಫೋನನ್ನು ಅವನ ಕೈಗೆ ತುರುಕಿದ.

ಶಹಾಬುದ್ದೀನ ಬ್ಲಾಕ್ ತೆಗೆದ. ತಿರುಗಿ ಹಚ್ಚುವ ಮೊದಲೇ ಅದು ಬಡಿದುಕೊಂಡಿತು. ಬೆಳಗಿನಿಂದ ಆ ಕಡೆಯವರು ಬಿಟ್ಟೂ ಬಿಡದೆ ಹಚ್ಚುತ್ತಲೇ ಇದ್ದಿರಬೇಕು. ಇಬ್ಬರೂ ಎದ್ದು ನಿಂತರು. ಶಹಾಬುದ್ದೀನ ತನ್ನ ಹೆಸರು, ಹುದ್ದೆ ಹೇಳಿ ಕಿವಿಗೊಟ್ಟ.

ಸುನಿತಾ ಬಾಗಿಲಿಗೆ ಬಂದಳು. "ಯಾರ್ರಿ ಕಾಕಾ? ಅವರಾ?"

ಶಹಾಬುದ್ದೀನ ಅವಳತ್ತ ನೋಡಲಿಲ್ಲ. ಫೋನಿಗೆ ಅಂಗೈ ಅಡ್ಡ ಹಿಡಿದ.

"ಉಳಿವೆಪ್ಪ, ಮೊದಲ ನಿನ್ನ ಕುಂದರಸು ಅನ್ನಾಕತ್ತಾರ."

"ಯಾಕ?"

"ಕುಂದರೋ."

ಉಳಿವೆಪ್ಪ ಕಟ್ಟೆಯ ಕಂಬವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.

"ನಾ ಕುಂದರೂದಿಲ್ಲ," ಎಂದ. "ಯಾರ ಹೇಳಿದ್ರೂ ನಾ ಕುಂದರೂದಿಲ್ಲ."