ಚಿಂದಿ ಬಿಚ್ಚಿದ ಬಿಂದಿಗೆಗಳು

ಪಟಾಲಮ್ಮನ ಮನೆಯಲ್ಲಿ ಬೋರ್‌ವೆಲ್ ಇತ್ತು, ಮೋಟಾರಿತ್ತು, ತಾರಸಿಯ ಮೇಲೆ ದೊಡ್ಡ ಟ್ಯಾಂಕೂ ಇತ್ತು. ಆದರೂ ಬೀದಿಗೆ ಬರುವ ಸಾರ್ವಜನಿಕ ನಲ್ಲಿ ಅವಳ ಗೇಟಿನ ಮುಂದೆಯೇ ಆಗಬೇಕಂತೆ! ಮಾರತ್ತಹಳ್ಳಿಯಾಚೆಯ ಆ ಬೀದಿ ಒಂದು ಕಾಲಕ್ಕೆ ಅವಳ ಮಾವನ ರಾಗಿ ಹೊಲ. ಹೊಲ ಹೋಗಿ ಅವಳದೇ ಬಾಡಿಗೆ ಶೀಟಿನ ಮನೆಗಳ ಸಾಲು ಎದ್ದರೂ ಅವಳ ಗತ್ತು ಮಾತ್ರ ಹೋಗಿರಲಿಲ್ಲ.

ಆ ಸಾಲಿನ ಕೊನೆಯ ಕೋಣೆಯಲ್ಲಿ ಯಾದಗಿರಿ ಕಡೆಯ ಶೇಷಮ್ಮ ಬಾಡಿಗೆಗಿದ್ದಳು. ನೀರಿನ ಟ್ಯಾಂಕರ್ ಪಟಾಲಮ್ಮನ ಗೇಟಿನಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಕೆಸರು ತುಳಿದು ಹೊರುವಾಗ ಎರಡನೇ ಕೊಡ ಮಗಳು ಕಾವೇರಿಯ ಸೊಂಟಕ್ಕೆ. ಹುಡುಗಿ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು, ದಿನಾ ಕ್ಲಾಸಿನ ಹೊರಗೆ ನಿಲ್ಲುವ ಶಿಕ್ಷೆ. ನಲ್ಲಿ ಕೋಣೆಗಳ ಎದುರಿನ ಬೇವಿನ ಮರದ ಬುಡಕ್ಕೆ ಬಂದರೆ ಸಾಕು, ಮಗಳು ಹೊತ್ತಿಗೆ ಸರಿಯಾಗಿ ಹೋಗುತ್ತಾಳೆ ಎಂಬುದೊಂದೇ ಶೇಷಮ್ಮನ ಆಸೆ.

ನಲ್ಲಿ ಹಾಕಿಸುವ ಸಂಸ್ಥೆಯ ಮೇಡಂ ಬಂದು, ಜಾಗ ಯಾವುದೆಂದು ಜನರೇ ತೀರ್ಮಾನಿಸಲಿ ಎಂದಳು. ಒಳ್ಳೆಯ ಮಾತೇ. ಆದರೆ ಸಭೆ ಕೂಡಿಸಿದ್ದು ಎಲ್ಲಿ? ಪಟಾಲಮ್ಮನ ಹಜಾರದಲ್ಲಿ! ಬಾಡಿಗೆಯವರು ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಹತ್ತಿರ ಮುದುರಿ ಕೂತು, ಅವಳದೇ ಕಾಫಿ ಕುಡಿದರು.

"ನಮ್ ಗೇಟ್ ಮುಂದೆ ಹಾಕ್ಸಿ, ನಾನ್ ನೋಡ್ಕೋತೀನಿ. ಏನ್ರಮ್ಮಾ, ಸರಿ ತಾನೇ?" ಎಂದು ಪಟಾಲಮ್ಮ ಸುತ್ತ ಕಣ್ಣಾಡಿಸಿದಳು.

ಕೈಗಳೆಲ್ಲ ಎದ್ದವು. ಶೇಷಮ್ಮನದೂ ಎದ್ದಿತು. ಎತ್ತದೆ ಏನು ಮಾಡುತ್ತಾಳೆ ಪಾಪ? ಗಂಡ ಭಗವಂತರಾಯ ಮೊದಲೇ ಎಚ್ಚರಿಸಿದ್ದ: "ನೀ ಬಾಯಿ ತಗೀಬ್ಯಾಡ. ರೂಮ್ ಖಾಲಿ ಮಾಡಸ್ತಾರ."

ಹೊರಗೆ ಚಪ್ಪಲಿ ಮೆಟ್ಟುವ ನೆಪದಲ್ಲಿ ಅವಳು ಮೇಡಂ ಪಕ್ಕಕ್ಕೆ ಸರಿದಳು. "ಮೇಡಂ, ಕೈ ಎತ್ತಸಬ್ಯಾಡ್ರೀ. ಯಾರಿಗೆ ನಲ್ಲಿ ಎಲ್ಲಿ ಬೇಕೋ ಅಲ್ಲಿ ಕೊಡ ಇಡ್ಸ್ರೀ."

ಟ್ಯಾಂಕರ್ ಪಾಳಿಯಲ್ಲಿ ಖಾಲಿ ಬಿಂದಿಗೆ ಇಟ್ಟರೆ ಆ ಮನೆಯವರೇ ನಿಂತಂತೆ. ಬೀದಿಯ ಕಾನೂನೇ ಅದು. ಮೇಡಂಗೆ ಉಪಾಯ ಹಿಡಿಸಿತು. ಭಾನುವಾರ ಮನೆಗೊಂದು ಬಿಂದಿಗೆ ಎಂದು ಸಾರಿದಳು. ಪಟಾಲಮ್ಮನೂ ಖುಷಿಯಿಂದ ಒಪ್ಪಿದಳು. ಬಿಂದಿಗೆಗಳೆಲ್ಲ ಬೀದಿ ಬೀದಿ ಸುತ್ತುವ ವ್ಯಾಪಾರಿ ಇನಾಯತ್ ಉಲ್ಲಾ ಹಳೇ ಬಟ್ಟೆಗೆ ಬದಲಾಗಿ ಕೊಟ್ಟುಹೋದ ಒಂದೇ ನೀಲಿ ಪ್ಲಾಸ್ಟಿಕ್ಕಿನವು. ಅದಲುಬದಲಾಗದಿರಲೆಂದು ಹೆಂಗಸರು ಒಂದೊಂದು ಬಣ್ಣದ ಚಿಂದಿ ಕಟ್ಟಿಕೊಂಡಿದ್ದರು. ಯಾವ ಚಿಂದಿ ಯಾರದೆಂದು ಪಟಾಲಮ್ಮನಿಗೆ ಬಾಯಿಪಾಠ. ಯಾರು ತಪ್ಪಿ ನಡೆಯುತ್ತಾರೋ ನೋಡೇಬಿಡೋಣ ಎಂದುಕೊಂಡಳು.

ಭಾನುವಾರ ಪೂಜೆ ಮುಗಿಸಿ ಅವಳು ಹೊರಬಂದಾಗ ಗೇಟಿನ ಮುಂದೆ ಅವಳದೇ ತಾಮ್ರದ ಬಿಂದಿಗೆ ಒಂಟಿಯಾಗಿ ಕೂತಿತ್ತು. ಬೇವಿನ ಬುಡದಲ್ಲಿ ನೀಲಿಯೋ ನೀಲಿ. ಒಂದರ ಕೊರಳಲ್ಲೂ ಚಿಂದಿಯಿಲ್ಲ!

"ಅಯ್ಯೋ ನಿಮ್ಮ! ಯಾರ್ದ್ರೇ ಈ ಕಿತಾಪತಿ?" ಪಟಾಲಮ್ಮ ಬೀದಿ ನಡುಗುವಂತೆ ಕೂಗಿದಳು.

"ನಲ್ಲಿ ಜವಾಬ್ದಾರಿ ಹೊರೋಕೆ ನಿಮ್ಮಲ್ಲಿ ಒಬ್ರು ಮುಂದೆ ಬರ್ಬೇಕು," ಎಂದಳು ಬಿಂದಿಗೆ ಎಣಿಸಲು ಬಂದಿದ್ದ ಮೇಡಂ. "ಯಾರೂ ಇಲ್ಲ ಅಂದ್ರೆ ಪೈಪ್ ಬೇರೆ ಬೀದಿಗೆ ಹೋಗುತ್ತೆ."

ಶೇಷಮ್ಮನ ಹಸಿರು ಚಿಂದಿ ಅವಳ ಸೊಂಟದಲ್ಲೇ ಇತ್ತು. ಕೋಣೆ ಹೋದರೆ? ಹೋಗಲಿ, ಕಾವೇರಿ ಎಷ್ಟು ದಿನ ಹೊರಗೆ ನಿಲ್ಲಬೇಕು? ಮುಂದೆ ಹೋಗಿ ಒಂದು ಕೊಡಕ್ಕೆ ಚಿಂದಿ ಬಿಗಿದಳು.

"ಇದು ನಂದ್ರೀ ಅಕ್ಕಾ. ಎಲ್ಲಾರ ಚಿಂದಿ ಬಿಚ್ಚಿಸಿದ ಕಿತಾಪತಿನೂ ನಂದ. ನಲ್ಲಿ ನಾ ನೋಡ್ಕೋತೀನ್ರೀ."

ಹಿಂದೆಯೇ ಪಕ್ಕದ ಕೋಣೆಯ ಆಂಜನಮ್ಮ ಕೆಂಪು ಚಿಂದಿ ಹಿಡಿದು ಬಂದಳು. ಆಮೇಲೆ ಎಲ್ಲರೂ ಮುಗಿಬಿದ್ದರು.

"ಏ, ಅದು ನಂದು ಬಿಡೇ! ನಿಂದು ತೂತ್ ಬಿದ್ದಿರೋದು!"

"ತೂತು ನಿನ್ನ ಬಾಯಿಗೆ!"

ಜಗಳ ನೋಡುತ್ತ ಪಟಾಲಮ್ಮನಿಗೂ ನಗು ತಡೆಯಲಾಗಲಿಲ್ಲ. "ಖಾಲಿ ಮಾಡ್ಸೋದಾದ್ರೆ ಇಡೀ ಬೀದಿನೇ ಖಾಲಿ ಮಾಡ್ಸ್ಬೇಕು. ಆಮೇಲೆ ನಾನ್ ಯಾರ್ ಮೇಲ್ ಕೂಗಾಡ್ಲಿ?" ಎನ್ನುತ್ತ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ನಲ್ಲಿ ಬಂತು. ಒಂದು ಬೆಳಿಗ್ಗೆ ಕರೆಂಟು ಹೋಗಿ ಮೋಟಾರು ಕೈಕೊಟ್ಟಾಗ ತಾಮ್ರದ ಬಿಂದಿಗೆಯೂ ಬೇವಿನ ಬುಡಕ್ಕೆ ಬಂದು, ನೇರ ನಲ್ಲಿಯ ಕೆಳಗೇ ನುಗ್ಗಿತು.

"ಪಾಳಿ ಹಚ್ರೀ ಅಕ್ಕಾ," ಎಂದಳು ಶೇಷಮ್ಮ.

ಪಟಾಲಮ್ಮ ಗೊಣಗುತ್ತ ಹಿಂದೆ ಸರಿದು ನಿಂತಳು. ಅತ್ತ ಪಕ್ಕದ ಬೀದಿಯ ಶಾಲೆಯಲ್ಲಿ ಪ್ರಾರ್ಥನೆ ಶುರುವಾಗಿತ್ತು, ಆ ಗದ್ದಲದಲ್ಲೂ ಶೇಷಮ್ಮನಿಗೆ ತನ್ನ ಕಾವೇರಿಯ ದನಿ ಕೇಳಿಸಿತು.