ದೊಡ್ಡಯ್ಯನ ಚೀಲದ ಫೋನುಗಳು

ರೂಪಶ್ರೀ ಹೊಸ ಫೋನು ಕೊಳ್ಳುತ್ತಾಳಂತೆ ಅನ್ನುವ ಸುದ್ದಿ ಹೊರಬಿದ್ದದ್ದೇ ತಡ, ಊರಿಗೆ ಊರೇ ಬುದ್ಧಿ ಹೇಳಲು ನಿಂತಿತು. ಮದುವೆಗೆ ಹೆಣ್ಣು ಹುಡುಕುವಾಗಲೂ ಅಷ್ಟು ಜನ ಬಾಯಿ ಹಾಕುವುದಿಲ್ಲ. ಗಂಡ ಸಂಜಯ್ ಸ್ಪೀಡ್ ಇರಬೇಕು ಅಂದ. ಅತ್ತೆ ನಂಜಮ್ಮ ಫೋಟೊ ಚೆನ್ನಾಗಿ ಬೀಳಬೇಕು ಅಂದರು. ಪಕ್ಕದ ಮನೆಯವರು ಬಣ್ಣದ ತನಕ ಹೋದರು. ರೂಪಶ್ರೀಗೆ ಮಾತ್ರ ಹೋದ ವರ್ಷದ ಅವಮಾನ ಇನ್ನೂ ಮರೆತಿರಲಿಲ್ಲ.

ಅವಳು ಅರಕಲಗೂಡು ಕಡೆಯ ಹುಡುಗಿ. ಹೊಳೆನರಸೀಪುರ ತಾಲ್ಲೂಕಿನ ಈ ತಗ್ಗಿನ ಊರಿಗೆ ಸೊಸೆಯಾಗಿ ಬಂದು ಮೂರು ವರ್ಷ. ಪಿಯುಸಿ ಓದಿದ್ದಾಳೆಂದು ಬೆಳೆ ಸಮೀಕ್ಷೆಯ ಕೆಲಸ ಅವಳ ಪಾಲಿಗೆ ಬಂತು. ಊರಿನ ನಾನೂರ ಹನ್ನೆರಡು ಹೊಲಗಳಿಗೂ ನಡೆದುಹೋಗಿ, ನಿಂತ ಬೆಳೆಯ ಫೋಟೊ ತೆಗೆದು, ಫೋನಿನಿಂದಲೇ ಸರ್ಕಾರಕ್ಕೆ ಕಳಿಸಬೇಕು. ಅಲ್ಲಿ ರಾಗಿ ಅಂತ ದಾಖಲಾದರೆ ಮಾತ್ರ ಆ ಹೊಲದವರು ತಮ್ಮ ರಾಗಿಯನ್ನು ಖರೀದಿ ಕೇಂದ್ರಕ್ಕೆ ಬೆಂಬಲ ಬೆಲೆಗೆ ಕೊಡಬಹುದು. ಹೋದ ವರ್ಷ ಕೆಲಸ ಮುಗಿಯುತ್ತ ಬಂದಾಗ ಅವಳ ಹಳೆಯ ಫೋನು ಹೊಟ್ಟೆ ತುಂಬಿ ಕೂತುಬಿಟ್ಟಿತು. ಎಲ್ಲಿ ಒತ್ತಿದರೂ ಅಲುಗಲಿಲ್ಲ. ರಿಪೇರಿಗೆ ಕೊಟ್ಟರೆ, ಆ ಪುಣ್ಯಾತ್ಮ ಒಳಗಿದ್ದದ್ದನ್ನೆಲ್ಲ ಅಳಿಸಿ ಬಾಣಂತಿಯ ಕೋಣೆಯ ಹಾಗೆ ಚೊಕ್ಕಟ ಮಾಡಿ ಕೈಗಿತ್ತ. ಕಳಿಸದೆ ಉಳಿದಿದ್ದ ಅರವತ್ತು ಹೊಲಗಳ ಫೋಟೊ ಅದರ ಜೊತೆಗೇ ಹೋದವು. ಮತ್ತೆ ತೆಗೆಯೋಣವೆಂದರೆ ಗಡುವು ದಾಟಿತ್ತು. ಸೊಂಟದೆತ್ತರ ರಾಗಿ ನಿಂತಿದ್ದ ಅರವತ್ತು ಹೊಲಗಳು ಸರ್ಕಾರದ ಲೆಕ್ಕದಲ್ಲಿ ಬೀಳು ಬಿದ್ದವು.

ಬಾಗಿಲಿಗೆ ಬಂದು ಬೈದವರು ಬೈದರು, ಡೇರಿಯ ಸಾಲಿನಲ್ಲಿ ಮುಖ ತಿರುಗಿಸಿದವರು ತಿರುಗಿಸಿದರು. ಈ ಸಲ ಒಂದೇ ಒಂದು ಹೊಲ ತಪ್ಪಿದರೂ ತಾನು ಈ ಊರಿನಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ ಅಂತ ರೂಪಶ್ರೀಗೆ ಖಚಿತವಾಗಿ ಗೊತ್ತಿತ್ತು. ಫೋನಿನ ಚಿಂತೆ ಅವಳ ನಿದ್ದೆ ಕೆಡಿಸಿದ್ದು ಅದಕ್ಕೆ.

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ರಜನೀಶ್ ಅನ್ನುವವನು ಅವಳ ಕೈಗೆ ಎಟಕುವ ಬೆಲೆಯಲ್ಲಿ ಮೂರು ಫೋನು ತೆಗೆದಿಟ್ಟ. ಒಂದು ಫೈವ್ ಜಿ, ಗಾಳಿಯ ಹಾಗೆ ಓಡುತ್ತದೆ ಅಂದ. ಇನ್ನೊಂದಕ್ಕೆ ಸ್ಟೋರೇಜ್ ಎರಡರಷ್ಟು, ಜೀವಮಾನದ ಫೋಟೊ ತುಂಬಿದರೂ ತುಂಬದು ಅಂದ. ಮೂರನೆಯದು ಫೋರ್ ಜಿ, ದಪ್ಪ, ಇಟ್ಟಿಗೆಯಂಥದ್ದು. ಅದರ ಬಗ್ಗೆ ಬ್ಯಾಟರಿ ದೊಡ್ಡದು ಅನ್ನುವುದು ಬಿಟ್ಟು ಅವನಿಗೆ ಹೆಚ್ಚು ಹೇಳಲು ಮನಸ್ಸಿರಲಿಲ್ಲ. ಹೊಟ್ಟೆ ತುಂಬಿದ ಫೋನಿನಿಂದ ಪಾಡು ಪಟ್ಟವಳು ಸ್ಟೋರೇಜಿನ ಕಡೆಗೆ ಕೈ ಚಾಚಿದಳು. ಆದರೂ ಯಾಕೋ ಧೈರ್ಯ ಸಾಲದೆ, ನಾಳೆ ಬರುತ್ತೇನೆ ಅಂತ ಹೇಳಿ ಊರಿಗೆ ವಾಪಸು ಬಂದಳು. ಊರಿನಲ್ಲಿ ಫೋನಿನ ವಿಷಯ ಬಲ್ಲವನು ಒಬ್ಬನಿದ್ದ. ಅವನ ಹತ್ತಿರ ಫೋನೇ ಇರಲಿಲ್ಲ.

ಅವನು ದೊಡ್ಡಯ್ಯ. ಅರವತ್ತರ ಆಸುಪಾಸಿನ ಮನುಷ್ಯ, ತೆಂಗಿನ ಮರ ಹತ್ತಿ ಕಾಯಿ ಕೆಡಹುವುದು ಕಸುಬು. ಊರು ತಗ್ಗಿನಲ್ಲಿರುವುದರಿಂದ ನೆಲದ ಮೇಲೆ ನೆಟ್‌ವರ್ಕ್ ಅನ್ನುವುದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮರದ ತುದಿಯಲ್ಲಿ ಮಾತ್ರ ತಪ್ಪದೆ ಸಿಗುತ್ತಿತ್ತು. ಹಾಗಾಗಿ ದೊಡ್ಡಯ್ಯ ಬೆಳಗ್ಗೆ ಕೆಲಸಕ್ಕೆ ಹೊರಟರೆ ದಾರಿಯುದ್ದಕ್ಕೂ ಜನ ಫೋನು ಹಿಡಿದು ನಿಂತಿರುತ್ತಿದ್ದರು. ಹತ್ತಾರು ಫೋನುಗಳನ್ನು ಬಟ್ಟೆಯ ಚೀಲಕ್ಕೆ ತುಂಬಿ, ಚೀಲ ಎದೆಗೆ ಕಟ್ಟಿಕೊಂಡು ಅವನು ಮರ ಏರುತ್ತಿದ್ದ. ಇಳಿಯುವ ಹೊತ್ತಿಗೆ ಹಾಸನದ ಮೊಮ್ಮಗುವಿನ ಫೋಟೊ, ಚನ್ನರಾಯಪಟ್ಟಣದ ಕಾಯಿ ರೇಟು, ಬ್ಯಾಂಕಿನ ಮೆಸೇಜು ಎಲ್ಲ ಬಂದು ಕೂತಿರುತ್ತಿದ್ದವು. ಇದಕ್ಕೆ ಅವನು ಯಾರಿಂದಲೂ ಬಿಡಿಗಾಸು ಮುಟ್ಟಿದವನಲ್ಲ. ಓದಲು ಬಾರದವನು ಯಾರದು ಯಾವ ಫೋನು ಅನ್ನುವುದನ್ನು ಒಂದು ದಿನವೂ ಅದಲುಬದಲು ಮಾಡಿದವನೂ ಅಲ್ಲ.

ರೂಪಶ್ರೀ ಮೂರು ಫೋನಿನ ವಿವರ ಒಪ್ಪಿಸಿದಳು. ಮೂರೂ ಬಗೆಯವು ಊರಿನಲ್ಲಿ ಆಗಲೇ ಇದ್ದವು, ಮೂರನ್ನೂ ಅವನು ಎದೆಯ ಮೇಲೆ ಹೊತ್ತಿದ್ದ. ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡ.

"ಸ್ಪೀಡು ಗೀಡು ನಂಗೊತ್ತಿಲ್ಲ ಕಣವ್ವ. ನಂಗೊತ್ತಿರಾದು ಬಿಸಿ ಒಂದೇಯ. ಆ ಓಡೋ ಫೋನು ಐತಲ್ಲ, ಅದು ನೆಟ್‌ವರ್ಕ್ ಉಡುಕೀ ಉಡುಕೀ ಎದೆ ಸುಟ್ಟಂಗಾಯ್ತದೆ. ಮದ್ಯಾನಕ್ಕೇ ಸತ್ತೋಯ್ತದೆ. ನಮ್ಮೂರ್ ಬಸವೇಶನ್ ತಾವ ಐತಲ್ಲ ಆ ದಪ್ಪಂದು, ಸಂಜೆ ಗಂಟ ಮರದ್ ಮ್ಯಾಲಿದ್ರೂವೆ ತಣ್ಣಗಿರ್ತದೆ."

ಸ್ಟೋರೇಜಿನ ಮಾತು ಬಂದಾಗ ಅದು ತನಗೆ ತಿಳಿಯದು ಅಂದ. ತಿಳಿಯದ್ದನ್ನು ತಿಳಿಯದು ಅಂತ ನೇರವಾಗಿ ಹೇಳಿದ್ದು ರೂಪಶ್ರೀಗೆ ಬಹಳ ಹಿಡಿಸಿತು. ಆ ರಾತ್ರಿ ಅವಳೇ ಪುಸ್ತಕ ಹಿಡಿದು ಲೆಕ್ಕಕ್ಕೆ ಕೂತಳು. ಹೊಲಕ್ಕೆ ಎರಡು ಫೋಟೊ ಅಂತ ಹಿಡಿದರೂ ಊರಿನ ಬೆಳೆಯೆಲ್ಲ ಆ ದಪ್ಪ ಫೋನಿನ ಒಂದು ಮೂಲೆಯಲ್ಲಿ ಅಡಗುತ್ತಿತ್ತು. ಹಾಗಾದರೆ ಹೋದ ವರ್ಷದ ಫೋನಿನ ಹೊಟ್ಟೆ ತುಂಬಿಸಿದ್ದು ಏನು? ನೆನಪು ಮಾಡಿಕೊಂಡಾಗ ಅವಳಿಗೇ ನಗು ಬಂತು, ಸಿಟ್ಟೂ ಬಂತು. ರಾಗಿಯಲ್ಲ, ಗುಡ್ ಮಾರ್ನಿಂಗ್ ಗುಲಾಬಿಗಳು, ನೆಂಟರ ಸೀಮಂತದ ವಿಡಿಯೊಗಳು. ಮಾರನೆಯ ದಿನ ದಪ್ಪ ಫೋನು ಕೊಂಡಳು, ಕೊಂಡವಳೇ ಆರು ವಾಟ್ಸಾಪ್ ಗ್ರೂಪುಗಳಿಂದ ಹೊರಬಿದ್ದಳು. ಹಾಸನದ ಚಿಕ್ಕತ್ತೆ ನೀಲಾಂಬಿಕೆ ಎರಡು ದಿನ ನಂಜಮ್ಮನಿಗೆ ಫೋನು ಮಾಡಿ ನಿಮ್ಮ ಸೊಸೆಗೆ ನಮ್ಮ ಮೇಲೆ ಏನು ಕೋಪ ಅಂತ ವಿಚಾರಿಸಿದರು.

ನಲವತ್ತು ದಿನ ಅವಳು ಕೆಸರು, ಮುಳ್ಳು, ನಾಯಿ ಎನ್ನದೆ ಹೊಲ ಸುತ್ತಿದಳು. ಸಂಜೆ ದೊಡ್ಡಯ್ಯನ ಚೀಲ ಎದುರಾದಾಗ ಮುಟ್ಟಿ ನೋಡುವಳು. ಅವನ ಮಾತು ನಿಜ, ಫೈವ್ ಜಿ ಫೋನುಗಳು ಒಲೆಯ ಮೇಲಿಂದ ಇಳಿಸಿದ ಹಾಗೆ ಇರುತ್ತಿದ್ದವು. ತೆಗೆದ ಫೋಟೊಗಳನ್ನು ವಾರಕ್ಕೊಮ್ಮೆ ಹೊಳೆನರಸೀಪುರಕ್ಕೆ ಹೋಗಿ ಕಳಿಸುತ್ತಿದ್ದಳು. ಕೊನೆಗೆ ಫೋಟೊ ತೆಗೆದೂ ಕಳಿಸಲು ಬಾಕಿ ಉಳಿದವು ನಲವತ್ತಾರು ಹೊಲ. ಗಡುವು ನಾಳೆ ಸಂಜೆಗೆ ಅಂತ ಅವಳ ಲೆಕ್ಕ.

ಲೆಕ್ಕ ತಪ್ಪಿತ್ತು. ಅವತ್ತು ಸಂಜೆ ನಾಲ್ಕಕ್ಕೆ ದೊಡ್ಡಯ್ಯನ ಚೀಲದಿಂದ ಇಳಿದ ಅವಳ ಫೋನಿನಲ್ಲಿ ಮೇಲ್ವಿಚಾರಕರ ಮೆಸೇಜು ಇತ್ತು: ಇವತ್ತು ಆರು ಗಂಟೆಗೆ ಕಡೆ. ಬಸ್ಸು ಹೋಗಿಯಾಗಿತ್ತು. ಸಂಜಯ್ ಬೈಕು ತೆಗೆದುಕೊಂಡು ಚನ್ನರಾಯಪಟ್ಟಣದ ಮಾರ್ಕೆಟ್ಟಿಗೆ ಹೋಗಿದ್ದ. ರೂಪಶ್ರೀ ಫೋನು ಹಿಡಿದು ದೊಡ್ಡಯ್ಯನ ಮನೆಗೆ ಓಡಿದಳು. ಮಾತನಾಡಲು ಹೋದರೆ ಅಳು ಬಂತು.

ದೊಡ್ಡಯ್ಯ ಆಗಷ್ಟೇ ಕಾಲು ತೊಳೆದು ಜಗಲಿಗೆ ಕೂತಿದ್ದ. ಸಂಗತಿ ಕೇಳಿ ಎದ್ದು, ಕಾಲಿಗೆ ಹಾಕುವ ಹಗ್ಗ ಮತ್ತೆ ಕೈಗೆ ತೆಗೆದುಕೊಂಡ. ಆದರೆ ಇದು ಚೀಲ ನೇತುಹಾಕಿ ಬಿಡುವ ಕೆಲಸವಲ್ಲ. ಒಂದೊಂದು ಹೊಲಕ್ಕೂ ಬೆರಳಿನಿಂದ ಒತ್ತಿ ಕಳಿಸಬೇಕು. ನೆಲದಲ್ಲಿ ನಿಂತು ರೂಪಶ್ರೀ ಮೂರು ಸಲ ತೋರಿಸಿದಳು: ಹಸಿರು ಒತ್ತು, ಚಕ್ರ ತಿರುಗುತ್ತದೆ, ಟಿಕ್ ಬಂದರೆ ಹೋಯಿತು, ಕೆಂಪು ಬಂದರೆ ಮತ್ತೆ ಹಸಿರು ಒತ್ತು. ಅವನು ತಾನೇ ಒಂದು ಸಲ ಒತ್ತಿ ನೋಡಿ, ಬೆರಳನ್ನು ಪಂಚೆಗೆ ಒರೆಸಿಕೊಂಡು, ಬಾವಿಯ ಪಕ್ಕದ ಎತ್ತರದ ಮರ ಹತ್ತಿದ.

ಒಂದು ಕೈ ಗರಿಯ ಬುಡಕ್ಕೆ, ಒಂದು ಕೈ ಫೋನಿಗೆ. ಮೇಲಿನಿಂದ ಒಂದು ಅಂತ ಕೂಗಿದ. ಬಹಳ ಹೊತ್ತಿನ ಮೇಲೆ ಎರಡು ಅಂದ. ಮರದ ಕೆಳಗೆ ಜನ ಸೇರಿದರು, ಹೋದ ವರ್ಷ ಬೈದವರೂ ಬಂದರು, ಅವನ ಜೊತೆಗೆ ಎಲ್ಲರೂ ಎಣಿಸತೊಡಗಿದರು. ಮೂವತ್ತೊಂದರ ಮೇಲೆ ಗಾಳಿ ಎದ್ದು ಮರ ತೂಗಿತು, ಮೇಲಿನಿಂದ ಸದ್ದಿಲ್ಲ. ಯಾರೋ ಇಳಿದು ಬಾ ಅಂದರು. ಕೊನೆಗೆ ಮೂವತ್ತೆರಡು ಅಂತ ಕೇಳಿಸಿದಾಗ ರೂಪಶ್ರೀಯ ಕಣ್ಣಿನಿಂದ ಧಾರಾಕಾರವಾಗಿ ನೀರು ಇಳಿಯಿತು. ಆರಕ್ಕೆ ಹತ್ತು ನಿಮಿಷ ಇರುವಾಗ ನಲವತ್ತಾರು ಅಂದ. ಇಳಿದವನ ಕಾಲು ಮರಗಟ್ಟಿ, ಇಬ್ಬರು ಹಿಡಿದು ಕೂರಿಸಬೇಕಾಯಿತು. ಫೋನು ನೋಡಿದಳು, ಇನ್ನೂ ಅರ್ಧ ಬ್ಯಾಟರಿ ಇತ್ತು. ನಾನೂರ ಹನ್ನೆರಡಕ್ಕೆ ನಾನೂರ ಹನ್ನೆರಡೂ ಹೋಗಿದ್ದವು. ಓದು ಬಾರದ ಬೆರಳಿನಲ್ಲಿ ಒಂದೂ ತಪ್ಪು ಇರಲಿಲ್ಲ. ಇಂಥ ಮನುಷ್ಯ ಎಲ್ಲಿ ಸಿಗುತ್ತಾನೆ ಅಂತ ಅವಳು ಅತ್ತೆಯ ಮುಂದೆ ನೂರು ಸಲ ಅಂದಳು.

ಸುಗ್ಗಿ ಕಳೆದು ಹೊಳೆನರಸೀಪುರದಲ್ಲಿ ಖರೀದಿ ಕೇಂದ್ರ ತೆರೆದಾಗ ರೂಪಶ್ರೀ ಕೆಲಸವಿಲ್ಲದಿದ್ದರೂ ಅಲ್ಲಿಗೆ ಹೋಗಿ ನಿಂತಳು. ಗುಮಾಸ್ತ ಒಬ್ಬೊಬ್ಬರ ಹೆಸರು ಒತ್ತುತ್ತಿದ್ದ, ಪರದೆಯ ಮೇಲೆ ರಾಗಿ ಅಂತ ಬರುತ್ತಿತ್ತು, ಮೂಟೆ ತಕ್ಕಡಿಗೆ ಹೋಗುತ್ತಿತ್ತು. ಅವಳ ಊರಿನ ಒಬ್ಬರೂ ಬರಿಗೈಯಲ್ಲಿ ವಾಪಸಾಗಲಿಲ್ಲ. ನಡುವೆ ಗುಮಾಸ್ತ ಪುಟ್ಟತಾಯಮ್ಮ ಅಂತ ಕೂಗಿದ. ಎದ್ದು ಬಂದದ್ದು ದೊಡ್ಡಯ್ಯನ ಹೆಂಡತಿ. ಊರೆಲ್ಲ ಅವರನ್ನು ಅಕ್ಕಯ್ಯ ಅಂತಲೇ ಕರೆಯುವುದರಿಂದ ಸೊಸೆಯಾಗಿ ಬಂದವಳಿಗೆ ಆ ಹೆಸರು ಯಾರದೆಂದು ತಿಳಿದಿರಲಿಲ್ಲ. ಹೆಸರು ಮಾತ್ರ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಅಳಿಸಿಹೋದ ಅರವತ್ತು ಹೆಸರುಗಳೂ ಅವಳಿಗೆ ಬಾಯಿಪಾಠವಾಗಿದ್ದವು.

ಅವಳು ದೊಡ್ಡಯ್ಯನ ಹತ್ತಿರ ಹೋಗಿ ತಡವರಿಸುತ್ತ ಕೇಳಿದಳು.

"ಮಾವ, ಓದ್ ವರ್ಸ ನಿಮ್ ರಾಗಿನೂ ಓಯ್ತಾ? ಒಂದ್ ಮಾತು ಯೋಳ್ಲಿಲ್ವಲ್ಲ."

ಅವನು ಮೂಟೆಯ ಬಾಯಿ ಬಿಗಿಯುತ್ತಿದ್ದ, ತಲೆಯೆತ್ತಲಿಲ್ಲ.

"ಮನೇಲೇ ಉಂಡ್ವಿ ಬುಡವ್ವ. ಆವತ್ತೇ ನಿಂಗೆ ಬೈಯೋರು ಬೋ ಜನ ಇದ್ರು."

ಮೂಟೆ ಹೊತ್ತು ತಕ್ಕಡಿಯ ಕಡೆಗೆ ಹೊರಟ. ರಾಗಿ ಹೋದ ಆ ಇಡೀ ವರ್ಷ ದಿನಾ ಬೆಳಗ್ಗೆ ಅವನು ತನ್ನ ಬಾಗಿಲಿಗೆ ಬಂದು, ಫೋನು ಇದ್ದರೆ ಕೊಡವ್ವ ಅಂತ ಕೇಳಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದದ್ದು ರೂಪಶ್ರೀಗೆ ನೆನಪಾಯಿತು.